ಏಳು ತಾಸಿಗೊಂದು ಎಲೆಕ್ಟ್ರಾನ್: ಆಕ್ಸೈಡ್ ಟ್ರಾನ್ಸಿಸ್ಟರಿನ ಮೆಮೊರಿ ನಮ್ಮ ಬಿಸಿಲಿಗೆ ತಡೆದೀತೇ?

ಮೆಮೊರಿ ಚಿಪ್ ಬಗ್ಗೆ ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಕರೆಂಟ್ ಹೋದರೆ ಬರೆದದ್ದು ಉಳಿಯುತ್ತದೋ ಅಳಿಯುತ್ತದೋ? ಪೆನ್‌ಡ್ರೈವ್‌ನ ಫ್ಲ್ಯಾಶ್‌ನಲ್ಲಿ ಉಳಿಯುತ್ತದೆ, ಕಂಪ್ಯೂಟರಿನ ಡಿರ್ಯಾಮ್‌ನಲ್ಲಿ ಅಳಿಯುತ್ತದೆ. ಆಕ್ಸೈಡ್ ಸೆಮಿಕಂಡಕ್ಟರ್ ಟ್ರಾನ್ಸಿಸ್ಟರಿನಿಂದ ಕಟ್ಟಿದ ಮೆಮೊರಿಗೆ ಇಂಥ ಹೌದು-ಅಲ್ಲ ಉತ್ತರ ಒಗ್ಗುವುದಿಲ್ಲ. ಅದನ್ನು ಕೇಳಬೇಕಾದದ್ದು ಹೀಗೆ: ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತು? ಮೇ ತಿಂಗಳಲ್ಲಿ 42–43 ಡಿಗ್ರಿ ಕಾಣುವ ಕಲಬುರಗಿ, ಯಾದಗಿರಿಯವರಿಗೆ ಈ 'ಎಷ್ಟು ಬಿಸಿ' ಎಂಬ ಅರ್ಧವೇ ಮುಖ್ಯ. ಹವಾನಿಯಂತ್ರಿತ ಪ್ರಯೋಗಾಲಯದ 27 ಡಿಗ್ರಿಯಲ್ಲಿ ಬಂದ ಅಂಕಿಯನ್ನು ತಂದು ಆಳಂದದ ತೊಗರಿ ಹೊಲದ ನಡುವೆ ನಿಂತ ಸೆನ್ಸರ್ ಪೆಟ್ಟಿಗೆಗೆ ಅಂಟಿಸಲು ಬರುವುದಿಲ್ಲ.

ಲೆಕ್ಕವನ್ನು ಮೊದಲು ಹಾಕಿಬಿಡೋಣ, ಭೌತಶಾಸ್ತ್ರ ಆಮೇಲೆ. ಒಂದು ಬಿಟ್ ಎಂದರೆ ಪುಟ್ಟ ಕೆಪಾಸಿಟರ್ ಒಂದರಲ್ಲಿ ತುಂಬಿಟ್ಟ ಚಾರ್ಜ್. ಅದರ ಬಾಗಿಲು ಕಾಯುವುದು ಒಂದು ಟ್ರಾನ್ಸಿಸ್ಟರ್. ಕೆಪಾಸಿಟರ್ 10 ಫೆಮ್ಟೊಫ್ಯಾರಡ್ (ಫೆಮ್ಟೊ ಎಂದರೆ 10⁻¹⁵) ಇದೆ, ವೋಲ್ಟೇಜ್ 0.2 ವೋಲ್ಟ್ ಇಳಿಯುವ ತನಕ 'ಒಂದು' ಯಾವುದು 'ಸೊನ್ನೆ' ಯಾವುದು ಎಂದು ಸರಿಯಾಗಿ ಓದಬಹುದು ಎಂದಿಟ್ಟುಕೊಳ್ಳಿ. ಹಾಗಾದರೆ ಕಳೆದುಕೊಳ್ಳಲು ನಮ್ಮ ಕೈಯಲ್ಲಿರುವುದು ಎರಡರ ಗುಣಲಬ್ಧ, 2×10⁻¹⁵ ಕೂಲಂಬ್. ಎಲೆಕ್ಟ್ರಾನ್ ಲೆಕ್ಕದಲ್ಲಿ ಸುಮಾರು 12,500. ಬಾಳಿಕೆಯ ಅವಧಿ ಎಂದರೆ ಈ ಮೊತ್ತವನ್ನು ಸೋರಿಕೆ ಕರೆಂಟ್‌ನಿಂದ ಭಾಗಿಸಿದಾಗ ಸಿಗುವ ಸೆಕೆಂಡುಗಳು, ಅಷ್ಟೇ.

ಪ್ರೊಸೆಸರಿನೊಳಗಿನ ಸಿಲಿಕಾನ್ ಟ್ರಾನ್ಸಿಸ್ಟರ್ ಆಫ್ ಆಗಿದ್ದಾಗಲೂ 1 ಪಿಕೊ ಆಂಪಿಯರ್, ಅಂದರೆ 10⁻¹² ಆಂಪಿಯರ್ ಸೋರಿದರೆ ಮೇಲಿನ ಚಾರ್ಜ್ 2 ಮಿಲಿಸೆಕೆಂಡಿನಲ್ಲಿ ಖಾಲಿ. ಡಿರ್ಯಾಮ್‌ಗಾಗಿಯೇ ಮುತುವರ್ಜಿಯಿಂದ ಮಾಡಿದ ಟ್ರಾನ್ಸಿಸ್ಟರ್ 1 ಫೆಮ್ಟೊ ಆಂಪಿಯರ್ ಸೋರಿದರೆ 2 ಸೆಕೆಂಡ್. ಕೋಟಿಗಟ್ಟಲೆ ಸೆಲ್‌ಗಳಲ್ಲಿ ಅತಿ ಕೆಟ್ಟದ್ದನ್ನೂ ಅತಿ ಬಿಸಿ ಹೊತ್ತನ್ನೂ ಗಮನದಲ್ಲಿಟ್ಟು ಡಿರ್ಯಾಮ್ ನಿಯಮ ಇನ್ನೂ ಬಿಗಿಯಾಗಿದೆ: 85 ಡಿಗ್ರಿವರೆಗೆ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ, ಅದರಾಚೆ 32 ಮಿಲಿಸೆಕೆಂಡಿಗೊಮ್ಮೆ ಎಲ್ಲ ಸೆಲ್‌ಗಳನ್ನೂ ಓದಿ ಮತ್ತೆ ಬರೆಯಬೇಕು. ಜಿನುಗುವ ಮಣ್ಣಿನ ಗಡಿಗೆಗೆ ಒಬ್ಬರು ಹಗಲಿರುಳು ನೀರು ತುಂಬುತ್ತ ಕೂತ ಹಾಗೆ. ನಿಮ್ಮ ಕಂಪ್ಯೂಟರ್ ಏನೂ ಕೆಲಸ ಮಾಡದೆ ಸುಮ್ಮನಿದ್ದಾಗಲೂ ಈ ರಿಫ್ರೆಶ್ ಕರೆಂಟ್ ತಿನ್ನುತ್ತಲೇ ಇರುತ್ತದೆ.

ಹತ್ತು ವರ್ಷ ಉಳಿಯಬೇಕೆಂದರೆ ಸೋರಿಕೆ ಎಷ್ಟಿರಬೇಕು? ಹತ್ತು ವರ್ಷ ಎಂದರೆ 3.15×10⁸ ಸೆಕೆಂಡ್. ಭಾಗಿಸಿದರೆ 6.3×10⁻²⁴ ಆಂಪಿಯರ್, ಅಂದರೆ ಸುಮಾರು 6 ಯಾಕ್ಟೊ ಆಂಪಿಯರ್. ಯಾಕ್ಟೊ ಎಂದರೆ ಕೋಟಿ ಕೋಟಿ ಕೋಟಿಯಲ್ಲಿ ಒಂದು ಪಾಲು, ಅದರಲ್ಲೂ ಸಾವಿರದಲ್ಲೊಂದು ಪಾಲು. ಎಲೆಕ್ಟ್ರಾನ್ ಎಣಿಸಿ ಹೇಳುವುದಾದರೆ ಏಳು ತಾಸಿಗೆ ಒಂದೇ ಒಂದು ಎಲೆಕ್ಟ್ರಾನ್ ತಪ್ಪಿಸಿಕೊಳ್ಳಬಹುದು. ಸಿಲಿಕಾನ್‌ನಿಂದ ಇದು ಆಗುವ ಮಾತಲ್ಲ. ಆಕ್ಸೈಡ್ ಸೆಮಿಕಂಡಕ್ಟರಿನಿಂದ ಆಗುತ್ತದೆ.

ಆಕ್ಸೈಡ್ ಯಾಕೆ ಸೋರುವುದಿಲ್ಲ

ಇಲ್ಲಿ ಆಕ್ಸೈಡ್ ಎಂದರೆ ಮುಖ್ಯವಾಗಿ ಇಂಡಿಯಂ, ಗ್ಯಾಲಿಯಂ, ಝಿಂಕ್ ಮೂರೂ ಬೆರೆತ ಆಕ್ಸೈಡ್. ಎಂಜಿನಿಯರುಗಳ ಬಾಯಲ್ಲಿ ಅದು 'ಇಗ್‌ಝೋ'. ಇದರ ಹರಳನ್ನು 1985ರಲ್ಲೇ ಜಪಾನಿನ ನೊಬೊರು ಕಿಮಿಝುಕ ಸಂಶ್ಲೇಷಿಸಿದ್ದರು. ಟೋಕಿಯೊ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಹಿದೆಯೊ ಹೊಸೊನೊ ಅವರ ತಂಡ 2003ರಲ್ಲಿ ಹರಳು ರೂಪದ ಟ್ರಾನ್ಸಿಸ್ಟರನ್ನೂ 2004ರಲ್ಲಿ ಕೋಣೆಯ ಉಷ್ಣತೆಯಲ್ಲೇ ಪ್ಲಾಸ್ಟಿಕ್ ಹಾಳೆಯ ಮೇಲೆ ಲೇಪಿಸಿದ ಹರಳಿಲ್ಲದ ಟ್ರಾನ್ಸಿಸ್ಟರನ್ನೂ ತೋರಿಸಿತು. 2012ರಲ್ಲಿ ಶಾರ್ಪ್ ಕಂಪನಿ ಈ ಪದರ ಬಳಸಿ ಡಿಸ್‌ಪ್ಲೇ ಫಲಕಗಳನ್ನು ದೊಡ್ಡ ಪ್ರಮಾಣದಲ್ಲಿ ಮಾಡತೊಡಗಿತು. 2019ರ ಆಪಲ್ ವಾಚ್ ಸೀರೀಸ್ 5ರ ಪರದೆ ಸೆಕೆಂಡಿಗೆ ಒಂದೇ ಸಲ ಚಿತ್ರ ಬದಲಿಸಿಯೂ ಮಿನುಗದೆ ಉಳಿದದ್ದು ಇದೇ ಆಕ್ಸೈಡ್ ಟ್ರಾನ್ಸಿಸ್ಟರ್ ಪ್ರತಿ ಚುಕ್ಕೆಯ ವೋಲ್ಟೇಜನ್ನು ಹಿಡಿದಿಟ್ಟದ್ದರಿಂದ. ಡಿಸ್‌ಪ್ಲೇಯಲ್ಲಿ ಒಂದು ಸೆಕೆಂಡ್ ಹಿಡಿದರೆ ಸಾಕು. ಮೆಮೊರಿಯಲ್ಲಿ ಅದೇ ಗುಣವನ್ನು ತಿಂಗಳು, ವರ್ಷಗಳಿಗೆ ಎಳೆಯಬೇಕು.

ಸೋರದಿರುವುದಕ್ಕೆ ಮೊದಲ ಕಾರಣ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನ್ ಬಿಡಿಸಿಕೊಂಡು ಓಡಾಡಲು ದಾಟಬೇಕಾದ ಶಕ್ತಿಯ ಅಂತರ. ಸಿಲಿಕಾನ್‌ನಲ್ಲಿ ಅದು 1.12 ಎಲೆಕ್ಟ್ರಾನ್ ವೋಲ್ಟ್, ಇಗ್‌ಝೋದಲ್ಲಿ 3.1ರ ಆಸುಪಾಸು. ಶಾಖದಿಂದ ತಾನಾಗಿ ಹುಟ್ಟುವ ಎಲೆಕ್ಟ್ರಾನ್-ಹೋಲ್ (ಹೋಲ್ ಎಂದರೆ ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗ) ಜೋಡಿಗಳ ಸಂಖ್ಯೆ ಗ್ಯಾಪ್ ಹಿಗ್ಗಿದಂತೆ ಘಾತೀಯವಾಗಿ ಕುಸಿಯುತ್ತದೆ. ಕೋಣೆಯ ಉಷ್ಣತೆಯಲ್ಲಿ ಒಂದು ಘನ ಸೆಂಟಿಮೀಟರ್ ಶುದ್ಧ ಸಿಲಿಕಾನ್‌ನಲ್ಲಿ ಸುಮಾರು 10¹⁰ ಜೋಡಿ ಇದ್ದರೆ, ಅಷ್ಟೇ ಗಾತ್ರದ ದೋಷರಹಿತ ಇಗ್‌ಝೋದಲ್ಲಿ ಲೆಕ್ಕದ ಪ್ರಕಾರ ಒಂದೂ ಇರುವುದಿಲ್ಲ. ಎರಡನೆಯದು, ಇಲ್ಲಿ ಹೋಲ್‌ಗಳು ಚಲಿಸುವುದೇ ಇಲ್ಲ ಎನ್ನುವಷ್ಟು ಜಡ. ಸಿಲಿಕಾನ್‌ನಲ್ಲಿ ಗೇಟನ್ನು (ಟ್ರಾನ್ಸಿಸ್ಟರನ್ನು ತೆರೆದು ಮುಚ್ಚುವ ತುದಿ) ಹೆಚ್ಚು ಋಣಕ್ಕೆ ಎಳೆದರೆ, ಕರೆಂಟ್ ಹರಿಯುವ ಸೋರ್ಸ್, ಡ್ರೇನ್ ಎಂಬ ಎರಡು ತುದಿಗಳ ಪೈಕಿ ಡ್ರೇನ್ ಅಂಚಿನಲ್ಲಿ ಎಲೆಕ್ಟ್ರಾನ್‌ಗಳು ಬ್ಯಾಂಡ್‌ನಿಂದ ಬ್ಯಾಂಡ್‌ಗೆ ಸುರಂಗ ಕೊರೆದು ಹೊಸ ಸೋರಿಕೆ ಶುರುವಾಗುತ್ತದೆ, ಜೊತೆಗೆ ಪಿಎನ್ ಜಂಕ್ಷನ್ನಿನ ಸೋರಿಕೆ ಇದ್ದೇ ಇರುತ್ತದೆ. ಎಷ್ಟೇ ಬಿಗಿಯಾಗಿ ಮುಚ್ಚಿದರೂ ಸಿಲಿಕಾನ್‌ಗೆ ಒಂದು ತಳಮಿತಿ ಇದೆ. ತೆಳು ಪದರದ ಆಕ್ಸೈಡ್ ಟ್ರಾನ್ಸಿಸ್ಟರಿನಲ್ಲಿ ಜಂಕ್ಷನ್ ಇಲ್ಲ, ಸುರಂಗ ಕೊರೆಯಲು ಗ್ಯಾಪ್ ಬಲು ಅಗಲ. ಗೇಟ್ ಬಿಗಿ ಮಾಡಿದಷ್ಟೂ ಕರೆಂಟ್ ಇಳಿಯುತ್ತಲೇ ಹೋಗುತ್ತದೆ.

ಆನ್ ಆದಾಗ ಇದು ಅಂಥ ಚುರುಕೇನಲ್ಲ. ಎಲೆಕ್ಟ್ರಾನ್ ಚಲನಶೀಲತೆ ವೋಲ್ಟ್-ಸೆಕೆಂಡಿಗೆ 10 ಚದರ ಸೆಂಟಿಮೀಟರಿನ ಸುಮಾರು. ಹಳೆಯ ಟಿವಿ ಫಲಕಗಳ ಹರಳಿಲ್ಲದ ಸಿಲಿಕಾನ್‌ನಲ್ಲಿ 1ನ್ನೂ ಮುಟ್ಟದು, ಹರಳು ಸಿಲಿಕಾನ್‌ನಲ್ಲಿ ನೂರುಗಟ್ಟಲೆ. ಅಂದರೆ ಪ್ರೊಸೆಸರ್ ಕಟ್ಟಲು ಸಾಲದು, ಮೆಮೊರಿಯ ಬಾಗಿಲು ಕಾಯಲು ಸಾಕು. ಇನ್ನೊಂದು ಕೊರತೆ ಎಂದರೆ ಇದು ಎನ್-ಮಾದರಿ, ಅಂದರೆ ಎಲೆಕ್ಟ್ರಾನ್ ಹರಿಸುವ ಬಗೆ ಮಾತ್ರ. ಹೋಲ್ ಹರಿಸುವ ಒಳ್ಳೆಯ ಪಿ-ಮಾದರಿ ಜೋಡಿ ಇಲ್ಲದೆ, ಎರಡೂ ಬಗೆ ಸೇರಿಸಿ ಕಟ್ಟುವ ಸಿಮಾಸ್ ಸರ್ಕ್ಯೂಟ್ ಆಗದು. ಆದ್ದರಿಂದ ಕೆಳಗೆ ಮಾಮೂಲಿ ಸಿಲಿಕಾನ್ ಸಿಮಾಸ್ ಇಟ್ಟು, ಅದರ ತಂತಿ ಪದರಗಳ ನಡುವೆ ಆಕ್ಸೈಡ್ ಟ್ರಾನ್ಸಿಸ್ಟರುಗಳನ್ನು ಮಹಡಿಯಂತೆ ಏರಿಸುತ್ತಾರೆ. 400 ಡಿಗ್ರಿಯೊಳಗೇ ಇದನ್ನು ಲೇಪಿಸಿ ಹದಗೊಳಿಸಬಹುದಾದ್ದರಿಂದ ಕೆಳಗಿನ ತಾಮ್ರದ ತಂತಿಗಳಿಗೆ ಧಕ್ಕೆಯಾಗದು.

ಸೆಲ್‌ನ ರಚನೆ

ಎರಡು ಬಗೆ ಇವೆ. ಡಿರ್ಯಾಮ್‌ನ ಹಾಗೆಯೇ ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್ ಇಟ್ಟು, ಟ್ರಾನ್ಸಿಸ್ಟರನ್ನು ಮಾತ್ರ ಆಕ್ಸೈಡಿನದು ಮಾಡುವುದು ಸರಳ ದಾರಿ. ಓದಿದಾಗ ಚಾರ್ಜ್ ಹೊರಗೆ ಚೆಲ್ಲುತ್ತದೆ, ಮತ್ತೆ ಬರೆಯಲೇಬೇಕು. ಎರಡನೆಯ ಬಗೆಯಲ್ಲಿ ಬರೆಯಲು ಒಂದು ಆಕ್ಸೈಡ್ ಟ್ರಾನ್ಸಿಸ್ಟರ್, ಓದಲು ಇನ್ನೊಂದು ಟ್ರಾನ್ಸಿಸ್ಟರ್. ಚಾರ್ಜ್ ಕೂರುವುದು ಓದುವ ಟ್ರಾನ್ಸಿಸ್ಟರಿನ ಗೇಟ್ ಮೇಲೆ. ಅದು ಕೂತಿದ್ದರೆ ಓದುವ ಟ್ರಾನ್ಸಿಸ್ಟರ್ ಹರಿಯುತ್ತದೆ, ಇಲ್ಲದಿದ್ದರೆ ಇಲ್ಲ. ಎಷ್ಟು ಸಲ ಓದಿದರೂ ಚಾರ್ಜ್ ಅಲುಗುವುದಿಲ್ಲ. ಕರೆಂಟ್ ಇಲ್ಲದೆ ದೀರ್ಘಕಾಲ ಉಳಿಸುವ ಗುರಿ ಇದ್ದರೆ ಈ ಎರಡನೆಯದೇ ಸರಿ. ಜಪಾನಿನ ಸೆಮಿಕಂಡಕ್ಟರ್ ಎನರ್ಜಿ ಲ್ಯಾಬೊರೇಟರಿ ಮೊದಲ ಬಗೆಯನ್ನು ಡಾಸ್‌ರ್ಯಾಮ್ ಎಂದೂ ಎರಡನೆಯದನ್ನು ನಾಸ್‌ರ್ಯಾಮ್ ಎಂದೂ ಕರೆಯುತ್ತದೆ.

ಫ್ಲ್ಯಾಶ್‌ಗಿಂತ ಇದು ಹೇಗೆ ಬೇರೆ? ಫ್ಲ್ಯಾಶ್‌ನಲ್ಲಿ ಬಾಗಿಲೇ ಇಲ್ಲ. ಸುತ್ತ ಗೋಡೆ ಕಟ್ಟಿ ಒಳಗೆ ಚಾರ್ಜ್ ಕೂಡಿಟ್ಟಿರುತ್ತಾರೆ, ಬರೆಯುವಾಗ ಹದಿನೈದು-ಇಪ್ಪತ್ತು ವೋಲ್ಟ್ ಹಾಕಿ ಗೋಡೆಯ ಮೂಲಕವೇ ಎಲೆಕ್ಟ್ರಾನ್ ತೂರಿಸುತ್ತಾರೆ. ಪ್ರತಿ ಸಲವೂ ಗೋಡೆ ಇಷ್ಟಿಷ್ಟು ಹಾಳಾಗುತ್ತದೆ. ಮೈಕ್ರೊಕಂಟ್ರೋಲರ್ ಒಳಗಿನ ಫ್ಲ್ಯಾಶ್‌ಗೆ ಸಾಮಾನ್ಯ ಭರವಸೆ 10,000 ಬರಹ. ಕಾಲು ತಾಸಿಗೊಮ್ಮೆ ಒಂದೇ ಜಾಗದಲ್ಲಿ ಬರೆದರೆ ದಿನಕ್ಕೆ 96 ಸಲ, 104 ದಿನದಲ್ಲಿ ಭರವಸೆ ಮುಗಿಯಿತು. ವಿದ್ಯಾರ್ಥಿ ಪ್ರಾಜೆಕ್ಟುಗಳ ಎಷ್ಟೋ ಡೇಟಾ ಲಾಗರ್‌ಗಳು ಮೊದಲ ಬೇಸಿಗೆ ದಾಟದಿರಲು ಇದೂ ಒಂದು ಕಾರಣವಿದ್ದೀತು, ಬರಹವನ್ನು ಬೇರೆ ಬೇರೆ ವಿಳಾಸಗಳಿಗೆ ಹಂಚದಿದ್ದರೆ. ಆಕ್ಸೈಡ್ ಸೆಲ್‌ನಲ್ಲಿ ಎಲೆಕ್ಟ್ರಾನ್ ತೆರೆದ ಬಾಗಿಲಿನಿಂದಲೇ ಒಳಬರುತ್ತದೆ. ಆದ್ದರಿಂದ ಸವೆತ ಇಲ್ಲವೆನ್ನುವಷ್ಟು ಕಡಿಮೆ. ಬೆಲ್ಜಿಯಂನ ಐಮೆಕ್ ಸಂಸ್ಥೆ ಕೆಪಾಸಿಟರ್ ಕೂಡ ಇಲ್ಲದ, ಎರಡೇ ಇಗ್‌ಝೋ ಟ್ರಾನ್ಸಿಸ್ಟರುಗಳ ಸೆಲ್ ಮಾಡಿ 2020ರಲ್ಲಿ 400 ಸೆಕೆಂಡಿಗೂ ಹೆಚ್ಚು, 2021ರಲ್ಲಿ 1,000 ಸೆಕೆಂಡಿಗೂ ಹೆಚ್ಚು ಉಳಿಕೆ ತೋರಿಸಿತು. ಜೊತೆಗೆ 10¹¹ ಬರಹಗಳನ್ನು ದಾಟಿದ ಬಾಳಿಕೆ. 2024ರ ಡಿಸೆಂಬರ್‌ನಲ್ಲಿ ಕಿಯೊಕ್ಸಿಯ ಮತ್ತು ನಾನ್ಯ ಕಂಪನಿಗಳು ನೆಟ್ಟಗೆ ನಿಲ್ಲಿಸಿದ ಇಗ್‌ಝೋ ಟ್ರಾನ್ಸಿಸ್ಟರಿನ ಡಿರ್ಯಾಮ್ ಪ್ರಕಟಿಸಿದವು: ಆನ್ ಕರೆಂಟ್ ಸೆಲ್‌ಗೆ 15 ಮೈಕ್ರೊ ಆಂಪಿಯರಿಗೂ ಮೇಲೆ, ಆಫ್ ಕರೆಂಟ್ 10⁻¹⁸ ಆಂಪಿಯರ್.

ಸಾವಿರ ಸೆಕೆಂಡ್ ಎಂದರೆ ಹದಿನೇಳು ನಿಮಿಷವೂ ಇಲ್ಲ, ಹತ್ತು ವರ್ಷದ ಮಾತೆಲ್ಲಿ ಹೋಯಿತು ಎನ್ನಬಹುದು. ಕೆಪಾಸಿಟರ್ ತೆಗೆದುಹಾಕಿದ ಸೆಲ್‌ನಲ್ಲಿ ಚಾರ್ಜ್ ಕೂರುವ ಜಾಗವೇ ಕಿರಿದು, ಅದರ ಗುರಿ ಡಿರ್ಯಾಮ್‌ನ ರಿಫ್ರೆಶ್ ತಗ್ಗಿಸುವುದು. ಎರಡೂ ಒಂದೇ ತಂತ್ರಜ್ಞಾನ, ಕೇಳುವ ಕೆಲಸ ಬೇರೆ. ಸುದ್ದಿಗಳಲ್ಲಿ ಇವೆರಡನ್ನೂ ಒಂದೇ ಗೂಟಕ್ಕೆ ಕಟ್ಟುವುದರಿಂದಲೇ ಗೊಂದಲ.

ಕರೆಂಟ್ ಹೋದ ಕ್ಷಣದ ತೊಡಕು

ಇಲ್ಲಿದೆ ನಿಜವಾದ ಗಂಟು. ಟ್ರಾನ್ಸಿಸ್ಟರ್ ಎಷ್ಟು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ ಎಂಬುದು ಗೇಟ್ ವೋಲ್ಟೇಜ್ ಅದರ ಥ್ರೆಶೋಲ್ಡ್‌ಗಿಂತ (ಟ್ರಾನ್ಸಿಸ್ಟರ್ ತೆರೆಯತೊಡಗುವ ವೋಲ್ಟೇಜ್) ಎಷ್ಟು ಕೆಳಗಿದೆ ಎಂಬುದರ ಮೇಲೆ ನಿಂತಿದೆ. ಪ್ರಯೋಗಾಲಯದಲ್ಲಿ ಗೇಟಿಗೆ ಮೈನಸ್ 1 ವೋಲ್ಟ್ ಹಾಕಿ ಅದ್ಭುತ ಅಂಕಿ ತೋರಿಸಬಹುದು. ಆದರೆ ಕರೆಂಟೇ ಇಲ್ಲದಾಗ ಆ ಮೈನಸ್ 1 ವೋಲ್ಟ್ ಕೊಡುವವರಾರು? ಗೇಟ್ ಸೊನ್ನೆಗೆ ಬಂದು ನಿಲ್ಲುತ್ತದೆ. ನಿಜವಾಗಿ ಕರೆಂಟಿಲ್ಲದೆ ಉಳಿಯಬೇಕೆಂದರೆ ಗೇಟ್ ಸೊನ್ನೆ ವೋಲ್ಟ್‌ನಲ್ಲಿದ್ದಾಗಲೇ ಸೋರಿಕೆ ಯಾಕ್ಟೊ ಮಟ್ಟದಲ್ಲಿರಬೇಕು.

ಥ್ರೆಶೋಲ್ಡ್‌ನಲ್ಲಿ ಕರೆಂಟ್ 10⁻⁸ ಆಂಪಿಯರ್ ಇದೆ, ಗೇಟ್ 100 ಮಿಲಿವೋಲ್ಟ್ ಇಳಿದಂತೆಲ್ಲ ಕರೆಂಟ್ ಹತ್ತನೇ ಒಂದು ಪಾಲಾಗುತ್ತದೆ ಎಂದು ಹಿಡಿಯೋಣ. 10⁻²⁴ಕ್ಕೆ ಇಳಿಯಲು ಹದಿನಾರು ಮೆಟ್ಟಿಲು, ಅಂದರೆ ಥ್ರೆಶೋಲ್ಡ್ 1.6 ವೋಲ್ಟ್ ಇರಬೇಕು. ಇದಕ್ಕೆ ಬೆಲೆ ತೆರುವುದು ಬರೆಯುವಾಗ. ಸೆಲ್‌ಗೆ 1.5 ವೋಲ್ಟ್ ತುಂಬಬೇಕಾದರೆ ಗೇಟ್‌ಗೆ 1.5 ಮತ್ತು 1.6 ಕೂಡಿ, ಮೇಲೆ ಒಂದಿಷ್ಟು ಸೇರಿಸಿ ಸುಮಾರು 3.4 ವೋಲ್ಟ್ ಬೇಕು. ಸುತ್ತಲಿನ ಸರ್ಕ್ಯೂಟ್ 1.2 ವೋಲ್ಟ್‌ನಲ್ಲಿ ನಡೆಯುತ್ತಿದ್ದರೆ ಮಟ್ಟ ಏರಿಸುವ ಸರ್ಕ್ಯೂಟ್ ಪ್ರತ್ಯೇಕವಾಗಿ ಬೇಕು. ಕಡಿಮೆ ಕರೆಂಟಿನ ಮೆಮೊರಿ ಎಂಬ ಹೆಸರಿನ ಹಿಂದಿನ ಖರ್ಚು ಇಲ್ಲಿ ಅಡಗಿದೆ.

ಈಗ ಇದೇ ಟ್ರಾನ್ಸಿಸ್ಟರನ್ನು ಬಿಸಿಲಿಗೆ ತನ್ನಿ. ಆ 100 ಮಿಲಿವೋಲ್ಟ್ ಮೆಟ್ಟಿಲು ನಿರಪೇಕ್ಷ ಉಷ್ಣತೆಗೆ ತಕ್ಕಂತೆ ಅಗಲವಾಗುತ್ತದೆ. 27 ಡಿಗ್ರಿಯಲ್ಲಿ 100 ಇದ್ದದ್ದು 45 ಡಿಗ್ರಿಯಲ್ಲಿ 106, 65ರಲ್ಲಿ 113, 85ರಲ್ಲಿ 119. ಅದೇ 1.6 ವೋಲ್ಟಿನಲ್ಲಿ ಹಿಡಿಸುವ ಮೆಟ್ಟಿಲುಗಳು 16ರಿಂದ 15.1, 14.2, 13.4ಕ್ಕೆ ಇಳಿಯುತ್ತವೆ. ಕೇಳಲು ಚಿಕ್ಕದೆನಿಸಿದರೂ ಪ್ರತಿ ಮೆಟ್ಟಿಲೂ ಹತ್ತು ಪಟ್ಟು. ಮೊದಲು ಲೆಕ್ಕ ಹಾಕಿದ 10 ಫೆಮ್ಟೊಫ್ಯಾರಡ್ ಸೆಲ್ 27 ಡಿಗ್ರಿಯಲ್ಲಿ 63 ವರ್ಷ ಹಿಡಿಯುತ್ತದೆ. 45ರಲ್ಲಿ 8 ವರ್ಷ. 65ರಲ್ಲಿ ಒಂದು ವರ್ಷ. 85ರಲ್ಲಿ ಎರಡೇ ತಿಂಗಳು. ಇದು ಸರಳ ಮಾದರಿಯ ಲೆಕ್ಕ, ಬಿಸಿಗೆ ಥ್ರೆಶೋಲ್ಡ್ ತಾನೂ ತುಸು ಇಳಿಯುವುದರಿಂದ ನಿಜ ಇನ್ನೂ ಕಠಿಣ. ಆದರೂ ದಿಕ್ಕು ತಪ್ಪಿಲ್ಲ: ಜಪಾನಿನ ಅದೇ ಸೆಮಿಕಂಡಕ್ಟರ್ ಎನರ್ಜಿ ಲ್ಯಾಬೊರೇಟರಿ 2012ರಲ್ಲಿ ಪ್ರಕಟಿಸಿದ ಅಳತೆ 85 ಡಿಗ್ರಿಯಲ್ಲಿ ಚಾನೆಲ್ (ಟ್ರಾನ್ಸಿಸ್ಟರಿನೊಳಗೆ ಕರೆಂಟ್ ಹರಿಯುವ ಹಾದಿ) ಅಗಲದ ಪ್ರತಿ ಮೈಕ್ರೊಮೀಟರಿಗೆ 135 ಯಾಕ್ಟೊ ಆಂಪಿಯರ್. ಒಂದು ಮೈಕ್ರೊಮೀಟರ್ ಅಗಲದ ಟ್ರಾನ್ಸಿಸ್ಟರಿಗೆ ನಮ್ಮ ಸೂತ್ರದಲ್ಲಿ ಸುಮಾರು 170 ದಿನ.

ಮಧ್ಯಾಹ್ನದ ಗಾಳಿ 43 ಡಿಗ್ರಿ ಎಂದರೆ ಚಿಪ್ 43ರಲ್ಲಿದೆ ಎಂದಲ್ಲ. ಎರೆ ಹೊಲದಲ್ಲಿ ಮರದ ನೆರಳೂ ಇಲ್ಲದೆ ನಿಂತ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ 65 ದಾಟಬಹುದು. ಲೆಕ್ಕ ಹಾಕುವಾಗ ಹಿಡಿಯಬೇಕಾದ ಅಂಕಿ ಅದು.

ಕಾರ್ಖಾನೆಯಲ್ಲಿ ಎಡವುವ ಜಾಗಗಳು

ಪದರ ಹಾಕುವುದು ಸ್ಪಟರಿಂಗ್‌ನಿಂದ. ಇಂಡಿಯಂ, ಗ್ಯಾಲಿಯಂ, ಝಿಂಕ್ ಸಮಪಾಲಿರುವ ಆಕ್ಸೈಡ್ ಬಿಲ್ಲೆಯನ್ನು ಆರ್ಗಾನ್ ಅಯಾನುಗಳಿಂದ ಹೊಡೆದು, ಸ್ವಲ್ಪ ಆಮ್ಲಜನಕ ಬೆರೆಸಿ, 10ರಿಂದ 50 ನ್ಯಾನೊಮೀಟರ್ ದಪ್ಪ ಕೂರಿಸುತ್ತಾರೆ. ಆಮೇಲೆ 300–400 ಡಿಗ್ರಿಯಲ್ಲಿ ಹದಗೊಳಿಸುತ್ತಾರೆ. ಆಮ್ಲಜನಕದ ಪ್ರಮಾಣವೇ ಇಲ್ಲಿ ಎಲ್ಲ. ಕಡಿಮೆಯಾದರೆ ಪದರದಲ್ಲಿ ಆಮ್ಲಜನಕದ ಖಾಲಿ ಜಾಗಗಳು ಉಳಿದು ಎಲೆಕ್ಟ್ರಾನ್ ಬಿಟ್ಟುಕೊಡುತ್ತವೆ, ಥ್ರೆಶೋಲ್ಡ್ ಋಣದ ಕಡೆ ಜಾರಿ ಟ್ರಾನ್ಸಿಸ್ಟರ್ ಮುಚ್ಚುವುದೇ ಇಲ್ಲ. ಹೆಚ್ಚಾದರೆ ಚಲನಶೀಲತೆ ಕುಸಿಯುತ್ತದೆ, ಗೇಟಿಗೆ ವೋಲ್ಟೇಜ್ ಕೊಟ್ಟಷ್ಟು ಹೊತ್ತೂ ಥ್ರೆಶೋಲ್ಡ್ ಧನದ ಕಡೆ ತೆವಳುತ್ತದೆ.

ಅದಕ್ಕಿಂತ ದೊಡ್ಡ ಶತ್ರು ಹೈಡ್ರೋಜನ್. ಸಿಲಿಕಾನ್ ಕಾರ್ಖಾನೆಯಲ್ಲಿ ಹೈಡ್ರೋಜನ್ ಗೆಳೆಯ: ಕೊನೆಯಲ್ಲಿ ಸುಮಾರು 400 ಡಿಗ್ರಿಯಲ್ಲಿ ಹೈಡ್ರೋಜನ್ ಬೆರೆತ ಅನಿಲದಲ್ಲಿ ಬೇಯಿಸಿ ಸಿಲಿಕಾನಿನ ಮೇಲ್ಮೈ ದೋಷಗಳನ್ನು ಮುಚ್ಚುತ್ತಾರೆ. ಅದೇ ಹೈಡ್ರೋಜನ್ ಆಕ್ಸೈಡಿನೊಳಗೆ ನುಸುಳಿದರೆ ಎಲೆಕ್ಟ್ರಾನ್ ದಾನಿಯಾಗುತ್ತದೆ. ಪ್ಲಾಸ್ಮಾದಲ್ಲಿ ಹಾಕಿದ ಸಿಲಿಕಾನ್ ನೈಟ್ರೈಡ್ ಪದರ ಕೂಡ ಹೈಡ್ರೋಜನ್ ಹೊತ್ತು ತರುತ್ತದೆ. ಹೀಗೆ ಥ್ರೆಶೋಲ್ಡ್ ಬರೀ 0.3 ವೋಲ್ಟ್ ಕೆಳಗೆ ಜಾರಿದರೆ ನಮ್ಮ ಸೆಲ್‌ನ 63 ವರ್ಷ 23 ದಿನಕ್ಕೆ ಬರುತ್ತದೆ, ಅದೂ 27 ಡಿಗ್ರಿಯಲ್ಲಿ. 65 ಡಿಗ್ರಿಯಲ್ಲಿ ಉಳಿಯುವುದು 19 ತಾಸು. ಇದಕ್ಕಾಗಿ ಸಿಲಿಕಾನ್‌ನ ಹೈಡ್ರೋಜನ್ ಹದವನ್ನು ಆಕ್ಸೈಡ್ ಹಾಕುವ ಮೊದಲೇ ಮುಗಿಸುತ್ತಾರೆ. ಕೆಳಗೆ ಮೇಲೆ ಅಲ್ಯೂಮಿನಿಯಂ ಆಕ್ಸೈಡ್ ತಡೆಪದರ ಹಾಕುತ್ತಾರೆ. ಆಮ್ಲಜನಕ ಹೆಚ್ಚಾಗಿ ತುಂಬಿದ ಸಿಲಿಕಾನ್ ಡೈಆಕ್ಸೈಡ್ ಪದರವನ್ನು ಮಗ್ಗುಲಲ್ಲಿಟ್ಟು ಖಾಲಿ ಜಾಗಗಳು ತುಂಬಿಕೊಳ್ಳುವಂತೆ ನೋಡುತ್ತಾರೆ.

ಲೋಹದ ಸಂಪರ್ಕವೂ ಕಾಟ ಕೊಡುತ್ತದೆ. ಟೈಟಾನಿಯಂ ಆಮ್ಲಜನಕವನ್ನು ಕಸಿಯುತ್ತದೆ, ಅದರ ಕೆಳಗಿನ ಆಕ್ಸೈಡ್ ಹೆಚ್ಚು ವಾಹಕವಾಗುತ್ತದೆ. ಸಂಪರ್ಕದ ರೋಧ ತಗ್ಗಿಸಲು ಇದು ಒಳ್ಳೆಯದೇ, ಚಾನೆಲ್ ಉದ್ದವಿರುವ ತನಕ. ಚಾನೆಲ್ ಹತ್ತಾರು ನ್ಯಾನೊಮೀಟರಿಗೆ ಇಳಿದಾಗ ಎರಡೂ ಬದಿಯಿಂದ ಈ ವಾಹಕ ಭಾಗ ಒಳನುಗ್ಗಿ ಬಾಗಿಲೇ ತೆಳುವಾಗಿ ಸರಿಯಾಗಿ ಮುಚ್ಚದಾಗುತ್ತದೆ.

ಇಷ್ಟೆಲ್ಲ ಮಾಡಿ ಬಾಗಿಲು ಭದ್ರ ಮಾಡಿದ ಮೇಲೆ ಗೋಡೆ ಸೋರಿದರೆ? ಓದುವ ಸಿಲಿಕಾನ್ ಟ್ರಾನ್ಸಿಸ್ಟರಿನ ಗೇಟ್ ಆಕ್ಸೈಡ್ 2 ನ್ಯಾನೊಮೀಟರ್ ತೆಳುವಿದ್ದರೆ ಎಲೆಕ್ಟ್ರಾನ್‌ಗಳು ಅದರ ಮೂಲಕವೇ ತೂರಿಕೊಂಡು ಹೋಗುತ್ತವೆ. ಮೇಲೆ ಯಾಕ್ಟೊ ಆಂಪಿಯರ್ ಟ್ರಾನ್ಸಿಸ್ಟರ್ ಇಟ್ಟು ಕೆಳಗೆ ಹೊಸ ತಲೆಮಾರಿನ ತೆಳು ಗೇಟ್ ಇಟ್ಟರೆ ಮೆಮೊರಿಯ ಬಾಳು ಮಿಲಿಸೆಕೆಂಡುಗಳಲ್ಲಿ ಮುಗಿದೀತು. ಓದುವ ಟ್ರಾನ್ಸಿಸ್ಟರಿಗೆ ಆರೇಳು ನ್ಯಾನೊಮೀಟರ್ ದಪ್ಪದ ಗೇಟ್ ಆಕ್ಸೈಡ್ ಬೇಕಾಗುವುದು ಇದಕ್ಕೇ. ಹೊಸ ವಿನ್ಯಾಸಗಳಲ್ಲಿ ಜನ ಮೊದಲು ಮರೆಯುವ ಅಂಶವೂ ಇದೇ.

ಬಾಗಿಲು ಮುಚ್ಚುವ ಗಳಿಗೆಯಲ್ಲೂ ನಷ್ಟವಿದೆ. ಗೇಟ್ 3 ವೋಲ್ಟ್‌ನಿಂದ ಸೊನ್ನೆಗೆ ಇಳಿಯುವಾಗ ಗೇಟ್ ಮತ್ತು ಸೆಲ್ ನಡುವಿನ ಪುಟ್ಟ ಕೆಪಾಸಿಟೆನ್ಸ್ ಸೆಲ್‌ನ ವೋಲ್ಟೇಜನ್ನೂ ಕೆಳಗೆ ಎಳೆಯುತ್ತದೆ. ಆ ನಡುವಿನದು 0.1 ಫೆಮ್ಟೊಫ್ಯಾರಡ್ ಇದ್ದು ಸೆಲ್ 10 ಇದ್ದರೆ 0.03 ವೋಲ್ಟ್ ಹೋಗುತ್ತದೆ, ಚಿಂತೆಯಿಲ್ಲ. ಸೆಲ್ ಬರೀ 1 ಫೆಮ್ಟೊಫ್ಯಾರಡ್ ಇದ್ದರೆ 0.27 ವೋಲ್ಟ್. ಒಂದು ಎಲೆಕ್ಟ್ರಾನ್ ಸೋರುವ ಮೊದಲೇ ನಮ್ಮ 0.2 ವೋಲ್ಟ್ ಅಂಚು ಮುಗಿದುಹೋಯಿತು. ಒಂದೇ ಸೆಲ್‌ನಲ್ಲಿ 16 ಮಟ್ಟ ಹಿಡಿಸಿ ನಾಲ್ಕು ಬಿಟ್ ಇಡುವ ಆಸೆಯಿದ್ದರೆ 1 ವೋಲ್ಟಿನಲ್ಲಿ ಮಟ್ಟ ಮಟ್ಟದ ನಡುವೆ 67 ಮಿಲಿವೋಲ್ಟ್ ಮಾತ್ರ, ಸಹಿಸಬಹುದಾದ ಇಳಿಕೆ ಅದರ ಅರ್ಧ. ಉಳಿಕೆಯ ಅವಧಿ ಆರರಲ್ಲಿ ಒಂದು ಪಾಲಾಗುತ್ತದೆ.

ಅಳೆಯುವುದು ಹೇಗೆ

10⁻²⁴ ಆಂಪಿಯರ್ ತೋರಿಸುವ ಮೀಟರ್ ಇಲ್ಲ. ಅತ್ಯುತ್ತಮ ಉಪಕರಣವೂ ಫೆಮ್ಟೊ ಆಂಪಿಯರಿನ ಹತ್ತನೇ ಪಾಲಿನ ಆಸುಪಾಸಿಗೆ ಕೈ ಚೆಲ್ಲುತ್ತದೆ. ಆದ್ದರಿಂದ ಕರೆಂಟನ್ನು ಬಿಟ್ಟು ವೋಲ್ಟೇಜ್ ಇಳಿಕೆಯನ್ನು ಅಳೆಯುತ್ತಾರೆ: ಸೆಲ್‌ಗೆ ಚಾರ್ಜ್ ತುಂಬಿ, ಬಾಗಿಲು ಮುಚ್ಚಿ, ಚಿಪ್ಪನ್ನು 85, 125, 150 ಡಿಗ್ರಿಯಲ್ಲಿಟ್ಟು ತಾಸುಗಟ್ಟಲೆ, ದಿನಗಟ್ಟಲೆ ಓದುವ ಟ್ರಾನ್ಸಿಸ್ಟರಿನ ಮೂಲಕ ನೋಡುತ್ತಾರೆ. ಸೋರಿಕೆಯ ಲಾಗರಿದಮ್ ಅನ್ನು ನಿರಪೇಕ್ಷ ಉಷ್ಣತೆಯ ವಿಲೋಮದ ಎದುರು ಗುರುತಿಸಿ, ಗೆರೆ ಎಳೆದು, ಕೋಣೆಯ ಉಷ್ಣತೆಯಲ್ಲಿ ಎಷ್ಟಿದ್ದೀತು ಎಂದು ಊಹಿಸುತ್ತಾರೆ. ಕೋಣೆಯ ಉಷ್ಣತೆಯ ಯಾಕ್ಟೊ ಅಂಕಿಗಳು ಬರುವುದು ಹೆಚ್ಚಾಗಿ ಹೀಗೆ ಗೆರೆ ಎಳೆದು ಎಂಬುದು ಓದುವಾಗ ನೆನಪಿರಲಿ.

ಇದೇ ಉಪಾಯವನ್ನು ಕಲಬುರಗಿಯದೋ ಬೀದರ್‌ನದೋ ಯಾವುದೇ ಎಂಜಿನಿಯರಿಂಗ್ ಕಾಲೇಜಿನ ಮೇಜಿನ ಮೇಲೆ ಸಿಲಿಕಾನ್ ಟ್ರಾನ್ಸಿಸ್ಟರಿನಿಂದ ಮಾಡಿ ನೋಡಬಹುದು. ಬೇಕಾದದ್ದು: 2ಎನ್7000 ಮಾಸ್‌ಫೆಟ್ ಒಂದು, 1 ನ್ಯಾನೊಫ್ಯಾರಡ್ ಪಾಲಿಪ್ರೊಪಿಲೀನ್ ಕೆಪಾಸಿಟರ್, ಎಲ್‌ಎಂಸಿ662 ಆಪ್‌ಆಂಪ್, 5 ವೋಲ್ಟ್ ರೀಡ್ ರಿಲೇ, 9 ವೋಲ್ಟ್ ಬ್ಯಾಟರಿ, ಮಲ್ಟಿಮೀಟರ್, ಬಿಸ್ಕತ್ತಿನ ತಗಡಿನ ಡಬ್ಬಿ. ಆಪ್‌ಆಂಪ್ ಬಿಟ್ಟು ಉಳಿದದ್ದು ಹೈದರಾಬಾದಿನ ಕೋಠಿಯಲ್ಲಿ ಸುಲಭ, ಅದೊಂದನ್ನು ಆನ್‌ಲೈನ್ ತರಿಸಬೇಕಾದೀತು. ಬೇರೆ ಮಾಮೂಲಿ ಆಪ್‌ಆಂಪ್ ಹಾಕಬೇಡಿ: ಇದರ ಇನ್‌ಪುಟ್ ಕರೆಂಟ್ ಸಾಮಾನ್ಯವಾಗಿ 2 ಫೆಮ್ಟೊ ಆಂಪಿಯರ್, 741ರದ್ದು ಅದರ ಕೋಟಿ ಪಟ್ಟಿಗೂ ಹೆಚ್ಚು.

ಆಪ್‌ಆಂಪಿನ 3ನೇ ಪಿನ್ನನ್ನು ಬೋರ್ಡಿಗೆ ಚುಚ್ಚದೆ ಮೇಲಕ್ಕೆ ಬಾಗಿಸಿ. ಕೆಪಾಸಿಟರಿನ ಒಂದು ಕಾಲು ಮತ್ತು ಮಾಸ್‌ಫೆಟ್ಟಿನ ಡ್ರೇನ್ ಅನ್ನು ಗಾಳಿಯಲ್ಲೇ ಅದಕ್ಕೆ ಬೆಸೆಯಿರಿ. 1 ಮತ್ತು 2ನೇ ಪಿನ್ ಕೂಡಿಸಿದರೆ ಅದು ಬಫರ್. ಮೀಟರ್ ಹಚ್ಚುವುದು 1ನೇ ಪಿನ್ನಿಗೆ. ನೇರವಾಗಿ ಕೆಪಾಸಿಟರಿಗೆ ಹಚ್ಚಿದರೆ ಮೀಟರಿನ 10 ಮೆಗಾಓಮ್ ಅದನ್ನು 10 ಮಿಲಿಸೆಕೆಂಡಿನಲ್ಲಿ ಬರಿದು ಮಾಡುತ್ತದೆ. ಬೆಸುಗೆಯ ಫ್ಲಕ್ಸ್, ಬೆರಳಿನ ಜಿಡ್ಡು ಎರಡನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆದು ಬಿಸಿಗಾಳಿಯಲ್ಲಿ ಒಣಗಿಸಿ. ಡಬ್ಬಿಯೊಳಗಿಟ್ಟು ಡಬ್ಬಿಯನ್ನು ಬ್ಯಾಟರಿಯ ಋಣಕ್ಕೆ ಕೂಡಿಸಿ. ಮಳೆಗಾಲದಲ್ಲಿ ಈ ಪ್ರಯೋಗ ಹಿಡಿಯದಿರುವುದೇ ಒಳ್ಳೆಯದು, ತೇವದ ಪದರವೇ ಟ್ರಾನ್ಸಿಸ್ಟರಿಗಿಂತ ಹೆಚ್ಚು ಸೋರುತ್ತದೆ. ಈ ಒಂದು ವಿಷಯದಲ್ಲಿ ನಮ್ಮ ಒಣ ಬೇಸಿಗೆ ವರ.

ಸೋರ್ಸ್‌ಗೆ 1 ವೋಲ್ಟ್, ಗೇಟಿಗೆ 5 ವೋಲ್ಟ್ ಕೊಟ್ಟು ಒಂದು ತಾಸು ಬಿಡಿ. ಅವಸರ ಮಾಡಿದರೆ ಕೆಪಾಸಿಟರಿನ ಡೈಎಲೆಕ್ಟ್ರಿಕ್ ನಿಧಾನವಾಗಿ ಚಾರ್ಜ್ ಹೀರುತ್ತ ಇರುತ್ತದೆ, ನೀವು ಅದನ್ನೇ ಸೋರಿಕೆ ಎಂದು ತಿಳಿದು ಮೋಸ ಹೋಗುತ್ತೀರಿ. ಆಮೇಲೆ ಮೊದಲು ಗೇಟ್, ನಂತರ ಸೋರ್ಸ್ ಸೊನ್ನೆಗೆ ತನ್ನಿ. ಗೇಟ್ ಇಳಿದ ಕೂಡಲೇ ಸುಮಾರು 25 ಮಿಲಿವೋಲ್ಟ್ ಅಥವಾ ಹೆಚ್ಚು ಧುಮುಕುವುದು ಕಾಣುತ್ತದೆ, ಮೇಲೆ ಹೇಳಿದ ಬಾಗಿಲು ಮುಚ್ಚುವ ನಷ್ಟ ಅದೇ. ಡ್ರೇನ್ ಸೋರ್ಸ್ ಅದಲುಬದಲಾಗಿ ಹಚ್ಚಿದ್ದರೆ ಮಾಸ್‌ಫೆಟ್ಟಿನೊಳಗಿನ ಡಯೋಡ್ ತೆರೆದುಕೊಂಡು ವೋಲ್ಟೇಜ್ ಕ್ಷಣದಲ್ಲೇ 0.6ರ ಕಡೆ ಬೀಳುತ್ತದೆ.

ಈಗ ನಿಮಿಷಕ್ಕೊಮ್ಮೆ ಬರೆದುಕೊಳ್ಳಿ. ಹತ್ತು ನಿಮಿಷದಲ್ಲಿ 60 ಮಿಲಿವೋಲ್ಟ್ ಇಳಿದರೆ ಸೋರಿಕೆ 10⁻¹³ ಆಂಪಿಯರ್. ಮಾಸ್‌ಫೆಟ್ ತೆಗೆದು ರೀಡ್ ರಿಲೇ ಹಾಕಿ ಮತ್ತೆ ಅಳೆಯಿರಿ, ಅದು ಆಪ್‌ಆಂಪ್, ಕೆಪಾಸಿಟರ್, ಗಾಳಿ ಎಲ್ಲ ಸೇರಿದ ಹಿನ್ನೆಲೆ ಸೋರಿಕೆ. ಎರಡರ ವ್ಯತ್ಯಾಸ ಟ್ರಾನ್ಸಿಸ್ಟರಿನದು. ಡಬ್ಬಿಯ ಪಕ್ಕ 40 ವ್ಯಾಟ್ ಬಲ್ಬ್ ಇಟ್ಟು 40, 50, 60 ಡಿಗ್ರಿಯಲ್ಲಿ ಎರಡನ್ನೂ ಮತ್ತೆ ಮಾಡಿದರೆ ಹತ್ತು ಡಿಗ್ರಿಗೆ ಹೆಚ್ಚುಕಡಿಮೆ ಎರಡು ಪಟ್ಟು ಏರುವುದು ಕಣ್ಣಿಗೆ ಕಾಣುತ್ತದೆ.

ಎಲ್ಲಿ ಬೇಕು, ಎಲ್ಲಿ ಬೇಡ

ಸುರಪುರ, ಶಹಾಪುರದ ಕಾಲುವೆಯ ನೀರಿನ ಮಟ್ಟ ನೋಡುವ ಪುಟ್ಟ ಸೆನ್ಸರಿಗೆ ಇಂಥ ಮೆಮೊರಿ ಬೇಕೇ? ಖರೇ ಹೇಳಬೇಕೆಂದರೆ ಇವತ್ತಿಗೆ ಬೇಡ. ಮೈಕ್ರೊಕಂಟ್ರೋಲರ್ ನಿದ್ರೆಯಲ್ಲಿ ಕೆಲವು ಕಿಲೋಬೈಟ್ ಎಸ್‌ರ್ಯಾಮ್ (ಕರೆಂಟ್ ಇರುವ ತನಕ ಉಳಿಯುವ, ರಿಫ್ರೆಶ್ ಬೇಡದ ಮೆಮೊರಿ) ಉಳಿಸಿಕೊಳ್ಳಲು 1.5 ಮೈಕ್ರೊ ಆಂಪಿಯರ್ ತಿಂದರೂ 225 ಮಿಲಿಆಂಪಿಯರ್-ತಾಸಿನ ಸಿಆರ್2032 ಬಟನ್ ಸೆಲ್ ಕಾಗದದ ಮೇಲೆ 17 ವರ್ಷ ಬರುತ್ತದೆ. ರೇಡಿಯೊ ಕಳಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ. ಬಿಸಿಲಿನಲ್ಲಿ ಚಿತ್ರ ಬದಲಾಗುತ್ತದೆ: ಹತ್ತು ಡಿಗ್ರಿಗೆ ಎರಡು ಪಟ್ಟಿನಂತೆ 27 ಡಿಗ್ರಿಯ 1.5 ಮೈಕ್ರೊ ಆಂಪಿಯರ್ 67 ಡಿಗ್ರಿಯಲ್ಲಿ 24 ಆಗುತ್ತದೆ, ಬಟನ್ ಸೆಲ್ ಬರುವುದು ಹದಿಮೂರು ತಿಂಗಳು. ಮೆಮೊರಿ ಕಿಲೋಬೈಟ್ ಬಿಟ್ಟು ಮೆಗಾಬೈಟ್ ಆದಾಗ, ಅಂದರೆ ಎಲೆಯ ಚಿತ್ರ ನೋಡಿ ರೋಗ ಗುರುತಿಸುವ ನ್ಯೂರಲ್ ನೆಟ್‌ವರ್ಕಿನ ತೂಕಗಳನ್ನು, ಅಂದರೆ ಅದು ಕಲಿತ ಅಂಕಿಗಳನ್ನು, ಚಿಪ್ ಒಳಗೇ ಇಡಬೇಕಾದಾಗ, ಸೋರಿಕೆ ಬ್ಯಾಟರಿಯನ್ನು ನುಂಗತೊಡಗುತ್ತದೆ. ಆಕ್ಸೈಡ್ ಮೆಮೊರಿಯ ಜಾಗ ಅದು. ಕಾಲು ತಾಸಿಗೊಮ್ಮೆ ಎದ್ದು, ಕೆಲಸ ಮುಗಿಸಿ, ಕರೆಂಟನ್ನು ಪೂರ್ತಿ ಕಡಿದು ಮಲಗುವ ಚಿಪ್ಪಿಗೆ ಹತ್ತು ವರ್ಷದ ಉಳಿಕೆ ಬೇಕಿಲ್ಲ. ಹದಿನೈದು ನಿಮಿಷ ಸಾಕು, ಬಿಸಿಲು ಇಲ್ಲದ ಮೋಡದ ವಾರಕ್ಕೆಂದು ಹತ್ತು ದಿನ ಇದ್ದರೆ ಧಾರಾಳ.

ಬಿಡಿ ಚಿಪ್ಪಾಗಿ ಇದು ನಮ್ಮ ಅಂಗಡಿಗಳಲ್ಲಿ ಸಿಗುವುದಿಲ್ಲ. ಪದೇ ಪದೇ ಬರೆಯುವ, ಕರೆಂಟ್ ಹೋದರೂ ಉಳಿಯಬೇಕಾದ ಕೆಲಸಕ್ಕೆ ಈಗ ಕೈಗೆ ಸಿಗುವುದು ಎಫ್‌ರ್ಯಾಮ್, ಅಂದರೆ ಫೆರೋಎಲೆಕ್ಟ್ರಿಕ್ ಮೆಮೊರಿ. ಉದಾಹರಣೆಗೆ 32 ಕಿಲೋಬೈಟಿನ ಎಂಬಿ85ಆರ್‌ಸಿ256ವಿ, ಐ-ಸ್ಕ್ವೇರ್-ಸಿ ತಂತಿಯಲ್ಲಿ ಯಾವ ಬೋರ್ಡಿಗಾದರೂ ಹಚ್ಚಬಹುದು. 10¹² ಬರಹ, 85 ಡಿಗ್ರಿಯಲ್ಲಿ ಹತ್ತು ವರ್ಷದ ಉಳಿಕೆ ಎಂದು ತಯಾರಕರ ಭರವಸೆ. ಆಕ್ಸೈಡ್ ಮೆಮೊರಿಯ ಡೇಟಾಶೀಟ್ ಮುಂದೆಂದಾದರೂ ಕೈಗೆ ಬಂದರೆ ಮೊದಲು ಹುಡುಕಬೇಕಾದ ಸಾಲು ಇದೇ: ಉಳಿಕೆಯ ಪಕ್ಕದಲ್ಲಿ ಉಷ್ಣತೆ ಬರೆದಿದೆಯೇ, ಗೇಟ್ ಸೊನ್ನೆ ವೋಲ್ಟ್‌ನಲ್ಲಿದ್ದಾಗಿನ ಅಂಕಿಯೇ, ಅಳೆದದ್ದೇ ಅಥವಾ ಗೆರೆ ಎಳೆದು ಊಹಿಸಿದ್ದೇ.

ಪೆಟ್ಟಿಗೆ ಯಾವ ಮೆಮೊರಿಯದಾದರೂ ಬಿಳಿ ಬಣ್ಣ ಬಳಿದು, ನಾಲ್ಕು ಬೆರಳು ಅಂತರ ಬಿಟ್ಟು ಮೇಲೊಂದು ತಗಡು ಕಟ್ಟಿ, ಗಾಳಿ ಆಡುವಂತೆ ಬಿಡಿ. ಒಳಗಿನ 65 ಡಿಗ್ರಿ 50ಕ್ಕೆ ಇಳಿದರೆ ಮೇಲಿನ ಲೆಕ್ಕದ ಸೆಲ್‌ಗೆ ಒಂದು ವರ್ಷದ ಬದಲು ನಾಲ್ಕೂವರೆ ವರ್ಷ ಸಿಗುತ್ತದೆ.